ಸೇಡಂನ ರೆಡ್ ಕಾರ್ಡ್ ಚಿಂಚೋಳಿಗೆ ಬರೋದಿಲ್ಲ

ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಜಾತ್ರೆಯ ಮರುದಿನ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ರಾತ್ರಿ ಹನ್ನೊಂದರ ಸುಮಾರು. ರೇಡರ್ ಬೋನಸ್ ಗೆರೆ ಮುಟ್ಟಿ ವಾಪಸ್ ತಿರುಗಿದ. ಕಾರ್ನರ್‌ನಲ್ಲಿದ್ದವನು ಕಾಲ್ಗಿಣ್ಣು ಹಿಡಿದ, ಇಬ್ಬರು ಸೊಂಟಕ್ಕೆ ಬಿದ್ದರು. ರೇಡರ್ ನೆಲ ಕಂಡಾಗಿತ್ತು, ರೆಫರಿಯ ಸೀಟಿಯೂ ಆಗಿತ್ತು. ಆಮೇಲೆ ನಾಲ್ಕನೆಯವನೊಬ್ಬ ಓಡಿಬಂದು ಮೊಣಕಾಲು ಮುಂದೆ ಮಾಡಿ ಬಿದ್ದವನ ಭುಜದ ಮೇಲೆ ಹಾರಿದ. ಜನ ಕೂಗಿದರು. ನಾನೂ ಕೂಗಿದೆ, ಸುಳ್ಳು ಯಾಕೆ ಹೇಳಲಿ. ಅದು ಖುಷಿಯ ಕೂಗೋ ಗಾಬರಿಯ ಕೂಗೋ ಅಂತ ಈಗಲೂ ನನಗೆ ಸ್ಪಷ್ಟ ಇಲ್ಲ.

ಕಾಲರ್ ಬೋನ್ ಮುರಿದಿತ್ತು. ರೆಫರಿ, ಪಕ್ಕದ ಊರಿನ ಪಿಟಿ ಮಾಸ್ತರು, ಧೈರ್ಯ ಮಾಡಿ ರೆಡ್ ಕಾರ್ಡ್ ತೋರಿಸಿದರು. ಐದು ನಿಮಿಷ ಗಲಾಟೆಯಾಯಿತು, ಹುಡುಗ ಹೊರಗೆ ಹೋದ, ಆಟ ಮುಂದುವರಿಯಿತು.

ಮೂರು ವಾರದ ಮೇಲೆ ಚಿಂಚೋಳಿ ಕಡೆಯ ಇನ್ನೊಂದು ಟೂರ್ನಮೆಂಟಲ್ಲಿ ಅದೇ ಹುಡುಗ ಬೇರೆ ಜೆರ್ಸಿಯಲ್ಲಿ ಆಡುತ್ತಿದ್ದ. ಸಂಘಟಕರೊಬ್ಬರನ್ನು ಕೇಳಿದೆ, ‘ಇವನಿಗೆ ಅಲ್ಲಿ ರೆಡ್ ಕಾರ್ಡ್ ಆಗ್ಯದ, ಗೊತ್ತೇನ್ರಿ?’ ಅವರು ನಕ್ಕರು. ‘ಅದು ಆ ಊರಿನ ಮಾತು ಸರ್. ಇಲ್ಲಿಗಿ ಹ್ಯಾಂಗ ಬರ್ತದ?’

ಹೌದು, ಹೇಗೆ ಬರುತ್ತೆ? ಈ ಲೇಖನದ ಪ್ರಶ್ನೆ ಅಷ್ಟೇ.

ಆ ಹುಡುಗನನ್ನು ವಿಲನ್ ಮಾಡೋ ಉದ್ದೇಶ ನನಗಿಲ್ಲ. ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಊರಿಂದ ಊರಿಗೆ ಆಡಿಸಲು ಕರೆಯುತ್ತಾರೆ, ಊಟ, ಬಸ್ ಚಾರ್ಜು, ಗೆದ್ದರೆ ಒಂದಿಷ್ಟು ದುಡ್ಡು. ‘ಜೋರು ಹಿಡಿತಾನ’ ಅನ್ನೋದೇ ಅವನ ಬಯೋಡೇಟಾ. ಭುಜದ ಮೇಲೆ ಹಾರಿದ್ದಕ್ಕೆ ಅವನಿಗೆ ನಷ್ಟವಾಗಿದ್ದು ಅರ್ಧ ಪಂದ್ಯ, ಸಿಕ್ಕಿದ್ದು ಹೆಸರು. ಲೆಕ್ಕ ಹಾಕಿದರೆ ಹಾರೋದೇ ಲಾಭ. ತಪ್ಪು ಮಾಡೋದು ಲಾಭವಾಗುವ ಹಾಗೆ ವ್ಯವಸ್ಥೆ ಇಟ್ಟು, ಆಮೇಲೆ ಹುಡುಗರ ‘ಕ್ರೀಡಾ ಮನೋಭಾವ’ದ ಬಗ್ಗೆ ಮುಖ್ಯ ಅತಿಥಿಗಳಿಂದ ಭಾಷಣ ಮಾಡಿಸುತ್ತೇವೆ.

ನಿಯಮವೇ ಇಲ್ಲ ಅಂತಲ್ಲ. ಕಬಡ್ಡಿಯ ನಿಯಮ ಪುಸ್ತಕದಲ್ಲಿ ಇದೆಲ್ಲ ಬರೆದಿದೆ. ರೇಡರ್‌ನ ಬಾಯಿ ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ, ಕುತ್ತಿಗೆ ಹಿಚುಕುವಂತಿಲ್ಲ, ಎರಡು ಕಾಲಿನ ಮಧ್ಯೆ ಕತ್ತರಿ ಹಾಕಿ ಹಿಡಿಯುವಂತಿಲ್ಲ, ಗಾಯವಾಗುವಂಥ ಹಿಂಸಾತ್ಮಕ ಟ್ಯಾಕಲ್ ಮಾಡುವಂತಿಲ್ಲ. ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಬಂದರೆ ಎರಡು ನಿಮಿಷ ಹೊರಗೆ, ಕೆಂಪು ಬಂದರೆ ಆ ಪಂದ್ಯ ಮುಗಿದಂತೆ. ಕಾಗದದ ಮೇಲೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಸ್ಕೋರರ್, ಸಹಾಯಕ ಸ್ಕೋರರ್‌ಗಳು ಎಲ್ಲ ಇದ್ದಾರೆ. ನಮ್ಮ ಕಡೆ ಸಾಮಾನ್ಯವಾಗಿ ಒಬ್ಬ ರೆಫರಿ, ಒಬ್ಬ ಮೈಕ್ ಹಿಡಿದವನು. ಮೈಕ್ ಹಿಡಿದವನೇ ಸ್ಕೋರರ್, ಅವನೇ ಕಾಮೆಂಟೇಟರ್, ದಾನಿಗಳ ಹೆಸರು ಓದುವವನೂ ಅವನೇ.

ಆದರೆ ರೆಫರಿಗಳ ಕೊರತೆಗಿಂತ ದೊಡ್ಡ ಸಮಸ್ಯೆ ಒಂದಿದೆ. ರೆಫರಿಯ ಅಧಿಕಾರ ಪಂದ್ಯ ಮುಗಿದ ಕ್ಷಣ ಮುಗಿಯುತ್ತೆ. ಅದರ ಮುಂದಿನ ಮೆಟ್ಟಿಲು ಪೊಲೀಸ್ ಠಾಣೆ. ಸೀಟಿಗೂ ಎಫ್ಐಆರ್‌ಗೂ ನಡುವೆ ನಮ್ಮಲ್ಲಿ ಏನೂ ಇಲ್ಲ.

ಎಫ್ಐಆರ್ ಅಂದರೆ ಏನಾಗುತ್ತೆ ನೋಡೋಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್, ಹಳೇ ಐಪಿಸಿಯಲ್ಲಿ 87. 1860ರ ಕಾನೂನಿನ ಉದಾಹರಣೆಯನ್ನೇ ಹೊಸದರಲ್ಲೂ ಉಳಿಸಿಕೊಂಡಿದ್ದಾರೆ. ಇಬ್ಬರು ಮೋಜಿಗೆ ಕತ್ತಿವರಸೆ ಆಡಲು ಒಪ್ಪುತ್ತಾರೆ, ಮೋಸವಿಲ್ಲದೆ ಆಡುವಾಗ ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬನದು ಅಪರಾಧವಲ್ಲ. ಚೆನ್ನಾಗಿದೆ. ಆದರೆ ಈ ರಕ್ಷಣೆಗೆ ಷರತ್ತುಗಳಿವೆ. ಪೆಟ್ಟು ತಿಂದವನು 18 ದಾಟಿರಬೇಕು, ಅವನ ಸಮ್ಮತಿ ಇರಬೇಕು. ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶವಾಗಲಿ, ಹಾಗಾಗಬಹುದೆಂಬ ಅರಿವಾಗಲಿ ಇರಬಾರದು. ಕಾನೂನಿನ ಭಾಷೆಯಲ್ಲಿ ಮೂಳೆ ಮುರಿತ ‘ತೀವ್ರ ಗಾಯ’ದ ಪಟ್ಟಿಯಲ್ಲೇ ಇದೆ. ಇನ್ನು ನಮ್ಮ ಟೂರ್ನಮೆಂಟುಗಳಲ್ಲಿ ಪಿಯುಸಿ ಹುಡುಗರು, ಹತ್ತನೇ ಕ್ಲಾಸಿನವರು ಎಷ್ಟು ಜನ ಆಡ್ತಾರೆ ಅಂತ ನಿಮಗೂ ಗೊತ್ತು. ಅವರ ಸಮ್ಮತಿ ಈ ಸೆಕ್ಷನ್ನಿನ ಲೆಕ್ಕಕ್ಕೇ ಬರೋದಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ‘ಮೋಸವಿಲ್ಲದೆ’ ಅನ್ನೋ ಮಾತು. ಮೋಸದಾಟ ಯಾವುದು ಅಂತ ಕಾನೂನು ಹೇಳಲ್ಲ. ಅದನ್ನು ಆಟಕ್ಕೇ ಬಿಟ್ಟಿದೆ. ಅಂದರೆ ಆಟದೊಳಗೆ ಯಾರೋ ಒಬ್ಬರು ಕೂತು, ವಿಡಿಯೋ ನೋಡಿ, ಇದು ಆಟದ ಭಾಗ, ಇದು ಅಲ್ಲ ಅಂತ ಬರೆದಿಡಬೇಕು. ಹಾಗೆ ಬರೆದಿಡುವವರು ಇಲ್ಲದಾಗ ಆ ತೀರ್ಮಾನ ಸಬ್‌ಇನ್‌ಸ್ಪೆಕ್ಟರ್ ಹೆಗಲಿಗೆ ಬೀಳುತ್ತೆ. ಅವರಾದರೂ ಏನು ಮಾಡ್ತಾರೆ? ಗಾಯಾಳು ಎದ್ದರೆ ‘ರಾಜಿ ಮಾಡ್ಕೊಳ್ರಿ’, ಏಳದಿದ್ದರೆ ನಿರ್ಲಕ್ಷ್ಯದಿಂದ ಸಾವು. ಮಧ್ಯದ ದರ್ಜೆ ಇಲ್ಲ.

2022ರ ಜುಲೈ ತಿಂಗಳೊಂದರಲ್ಲೇ ಇದಕ್ಕೆ ಎರಡು ಸಾಕ್ಷಿ ಸಿಕ್ಕವು. ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ ಯುವಕನೊಬ್ಬ ಎದುರಾಳಿಯ ಹೊಡೆತಕ್ಕೆ ಕುಸಿದು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಹೆತ್ತವರು ದೂರಿದರು, ಸಂಘಟಕರ ಮೇಲೆ ಕೇಸಾಯಿತು. ಅದೇ ತಿಂಗಳು ತಮಿಳುನಾಡಿನ ಕಡಲೂರು ಜಿಲ್ಲೆಯ ಪನ್ರುಟಿ ಬಳಿ ಊರ ಕಬಡ್ಡಿಯಲ್ಲಿ ರೇಡ್ ಮಾಡುತ್ತಿದ್ದ 22ರ ಹುಡುಗ ಟ್ಯಾಕಲ್‌ಗೆ ಸಿಕ್ಕಿ ಬಿದ್ದವನು ಎದ್ದು ನಿಲ್ಲಲು ನೋಡಿ ಅಲ್ಲೇ ಕುಸಿದ. ಆ ವಿಡಿಯೋ ನಮ್ಮೆಲ್ಲರ ವಾಟ್ಸಾಪಿಗೂ ಬಂದಿತ್ತು. ಅಯ್ಯೋ ಅಂದು ಫಾರ್ವರ್ಡ್ ಮಾಡಿದೆವು. ಅದರಿಂದ ಸೇಡಂ, ಚಿತ್ತಾಪುರದ ಒಂದು ಟೂರ್ನಮೆಂಟಿನ ಒಂದು ನಿಯಮವಾದರೂ ಬದಲಾಗಿದ್ದು ನಾನು ಕಂಡಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ಯೂರೋಪಿನ ಐಸ್ ಹಾಕಿಗೆ. ನಮ್ಮಲ್ಲಿ ಲಡಾಖ್ ಬಿಟ್ಟರೆ ಹೆಚ್ಚು ಜನ ನೋಡದ ಆಟ. ಆದರೂ ಮೈಮೇಲೆ ಬೀಳೋದನ್ನ ನಿಯಮವೇ ಒಪ್ಪಿರುವ ಆಟ ಅನ್ನೋ ಕಾರಣಕ್ಕೆ ಕಬಡ್ಡಿಗೆ ಹತ್ತಿರದ ಸಂಬಂಧಿ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ತಂಡದ ಆಡಂ ಜಾನ್ಸನ್ ಅನ್ನೋ 29ರ ಅಮೆರಿಕನ್ ಆಟಗಾರ ಎದುರಾಳಿಯೊಬ್ಬನ ಸ್ಕೇಟ್ ಬ್ಲೇಡು ಕುತ್ತಿಗೆಗೆ ತಗುಲಿ ಸತ್ತ. ಎದುರಾಳಿಯನ್ನು ಪೊಲೀಸರು ಬಂಧಿಸಿ ಬಿಟ್ಟರು. ಒಂದೂವರೆ ವರ್ಷ ತನಿಖೆ ನಡೆದು, 2025ರ ಏಪ್ರಿಲ್‌ನಲ್ಲಿ ಆರೋಪ ಹೊರಿಸಲ್ಲ ಅಂತ ಅಲ್ಲಿನ ಪ್ರಾಸಿಕ್ಯೂಷನ್ ಘೋಷಿಸಿತು. ಅಷ್ಟು ದಿನ ಅಭಿಮಾನಿಗಳು ‘ಬೇಕಂತಲೇ ಮಾಡಿದ’, ‘ಇಲ್ಲ, ಆಯ ತಪ್ಪಿತು’ ಅಂತ ಎರಡು ಪಾಳಯವಾಗಿ ಕಿತ್ತಾಡಿದರು. ಆ ಆಟಗಾರ ಕಪ್ಪು ವರ್ಣದವನು ಅನ್ನೋ ಕಾರಣಕ್ಕೆ ಬಂದ ಜನಾಂಗೀಯ ಬೈಗುಳ ಬೇರೆ.

ಗಮನಿಸಬೇಕಾದ್ದು ಇದು: ಅಲ್ಲೂ ಕ್ರಿಮಿನಲ್ ಕಾನೂನು ನಿಧಾನ, ಮೊಂಡು ಆಯುಧ. ಕೆನಡಾದ ಹಳೇ ಪ್ರಕರಣವೂ ಅದನ್ನೇ ಹೇಳುತ್ತೆ. 2004ರಲ್ಲಿ ಟಾಡ್ ಬರ್ಟುಝಿ ಹಿಂದಿನಿಂದ ಗುದ್ದಿ ಸ್ಟೀವ್ ಮೂರ್‌ನ ಕತ್ತಿನ ಮೂಳೆ ಮುರಿದ. ಮೂರ್ ಮತ್ತೆ ಲೀಗ್‌ನಲ್ಲಿ ಆಡಲೇ ಇಲ್ಲ. ಬರ್ಟುಝಿ ತಪ್ಪೊಪ್ಪಿಕೊಂಡ, ಜೈಲಾಗಲಿಲ್ಲ. ಪರಿಹಾರದ ದಾವೆ ಇತ್ಯರ್ಥವಾಗಿದ್ದು 2014ರಲ್ಲಿ, ಹತ್ತು ವರ್ಷಕ್ಕೆ.

ಆದರೆ ಅವರಲ್ಲಿ ಸೀಟಿಗೂ ಠಾಣೆಗೂ ನಡುವೆ ಒಂದು ಕೋಣೆ ಇದೆ. ಬ್ರಿಟನ್ನಿನ ಎಲೀಟ್ ಲೀಗ್‌ನಲ್ಲಿ ಅದಕ್ಕೆ ಆಟಗಾರರ ಸುರಕ್ಷತಾ ವಿಭಾಗ ಅಂತಲೇ ಹೆಸರು. ಬೇರೆ ಲೀಗ್‌ಗಳಲ್ಲಿ ಶಿಸ್ತು ಸಮಿತಿ. ಪಂದ್ಯ ಮುಗಿದ ಮೇಲೆ ವಿಡಿಯೋ ನೋಡ್ತಾರೆ. ರೆಫರಿ ಕಾಣದೆ ಬಿಟ್ಟಿದ್ದನ್ನೂ ನೋಡ್ತಾರೆ. ಹೊಡೆತ ತಲೆಗೆ ಬಿತ್ತೇ, ತಡವಾಗಿ ಬಂತೇ, ಹಿಂದಿನಿಂದ ಬಂತೇ, ತಪ್ಪಿಸಿಕೊಳ್ಳುವ ಅವಕಾಶ ಎದುರಾಳಿಗಿತ್ತೇ, ಇವನು ಹಿಂದೆ ಹೀಗೆ ಮಾಡಿದ್ದಾನೆಯೇ? ಇಷ್ಟು ನೋಡಿ ಇಂತಿಷ್ಟು ಪಂದ್ಯ ನಿಷೇಧ ಅಂತ ಪ್ರಕಟಿಸ್ತಾರೆ. ತಲೆಗೆ ಬಿದ್ದ ಹೊಡೆತದ ಹೊಣೆ ಮೊದಲು ಹೊಡೆದವನದು. ‘ನನಗೆ ಆ ಉದ್ದೇಶ ಇರಲಿಲ್ಲ’ ಅಂದರೆ ಸಾಲದು.

ಅದೇನು ಸ್ವರ್ಗ ಅಲ್ಲ. ‘ಅವನಿಗೆ ಎರಡು ಪಂದ್ಯ, ಇವನಿಗೆ ಎಂಟು ಯಾಕೆ? ಸ್ಟಾರ್ ಆಟಗಾರ ಅಂತಲಾ?’ ಅನ್ನೋ ಜಗಳ ಪ್ರತಿ ಸೀಸನ್ನೂ ಇದ್ದದ್ದೇ. ಕೆಲವು ತೀರ್ಮಾನಗಳು ನಿಜಕ್ಕೂ ಅಡ್ಡಾದಿಡ್ಡಿ. ಆದರೆ ಎರಡು ಮತ್ತು ಎಂಟು ಅನ್ನೋ ಅಂಕಿ ಎಲ್ಲರ ಕಣ್ಣಿಗೆ ಬಿದ್ದಿರೋದರಿಂದ ತಾನೇ ಆ ಜಗಳ ಸಾಧ್ಯವಾಗಿದ್ದು? ನಮ್ಮಲ್ಲಿ ತಾರತಮ್ಯ ಆಗಿದೆ ಅಂತ ಜಗಳ ಆಡೋಕೂ ದಾಖಲೆ ಬೇಕಲ್ಲ.

ಒಂದು ವಿಷಯದಲ್ಲಿ ಮಾತ್ರ ಆ ಹಾಕಿ ವಾದಗಳಿಂದ ನಾನು ಕಲಿತೆ. ಶಿಕ್ಷೆ ಕೃತ್ಯಕ್ಕೋ ಪರಿಣಾಮಕ್ಕೋ? ಅದೇ ಮೊಣಕಾಲು ಭುಜದ ಬದಲು ನೆಲಕ್ಕೆ ಬಿದ್ದಿದ್ದರೆ ಆ ರೆಡ್ ಕಾರ್ಡೂ ಬರುತ್ತಿರಲಿಲ್ಲ, ಚಪ್ಪಾಳೆ ಬರುತ್ತಿತ್ತು. ಮುರಿದ ಮೂಳೆ ನೋಡಿ ಶಿಕ್ಷೆ ಕೊಡೋದು ಅಂದರೆ ಅದೃಷ್ಟಕ್ಕೆ ಶಿಕ್ಷೆ ಕೊಟ್ಟಂತೆ. ಸೀಟಿಯಾದ ಮೇಲೆ ಬಿದ್ದವನ ಮೇಲೆ ಹಾರಿದೆಯಾ? ಹೌದು. ಹಾಗಿದ್ದರೆ ಅವನು ನಗುತ್ತಾ ಎದ್ದರೂ ನೀನು ಹೊರಗೆ. ನಮ್ಮ ಹುಡುಗರಿಗೆ ಇದು ಮೊದಲಿಗೆ ಅನ್ಯಾಯ ಅನ್ನಿಸುತ್ತೆ. ಅನ್ನಿಸಲಿ.

‘ಕಬಡ್ಡಿ ಗಂಡಸರ ಆಟ ಸರ್, ಮಣ್ಣಿನ ಆಟ’ ಅನ್ನುವವರು ಇಲ್ಲಿ ತಯಾರಾಗಿ ನಿಂತಿರುತ್ತಾರೆ. ಮಣ್ಣಿನ ಆಟವೇ ಹೌದು, ತೊಂದರೆ ಅಲ್ಲೇ ಇದೆ. 2014ರಿಂದ ಪ್ರೊ ಕಬಡ್ಡಿ ಟಿವಿಯಲ್ಲಿ ಬರ್ತಿದೆ. ಡ್ಯಾಶ್, ಬ್ಲಾಕ್, ಚೈನ್ ಟ್ಯಾಕಲ್ ಎಲ್ಲವನ್ನೂ ನಮ್ಮ ಹುಡುಗರು ಸ್ಲೋ ಮೋಷನ್‌ನಲ್ಲಿ ನೋಡಿ ಕಲಿತರು. ಟಿವಿಯಲ್ಲಿ ಕಾಣದ ಮ್ಯಾಟ್‌ನ ದಪ್ಪ, ಅಂಗಣದ ಸುತ್ತ ಬಿಟ್ಟ ಖಾಲಿ ಜಾಗ, ಓಡಿಬರುವ ಫಿಸಿಯೋ, ವಿಡಿಯೋ ರಿವ್ಯೂ ಜೊತೆಗೆ ಬರಲಿಲ್ಲ. ನಮ್ಮಲ್ಲಿ ಡ್ಯಾಶ್ ತಿಂದವನು ಹೋಗಿ ಬೀಳೋದು ಲೈಟ್ ಕಂಬಕ್ಕೋ, ಸ್ಟೇಜಿನ ಕಬ್ಬಿಣದ ಪೈಪಿಗೋ, ಮುಂದೆ ಕೂತ ಚಿಕ್ಕ ಮಕ್ಕಳ ಮೇಲೋ.

ಎಂಜಿನಿಯರಿಂಗ್ ಓದಿದ್ದಕ್ಕೆ ಒಂದು ಲೆಕ್ಕ ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ. ತಲೆ ಒಂದು ಮೀಟರ್ ಎತ್ತರದಿಂದ ಬಿದ್ದಿತು ಅನ್ನಿ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಅದು 1 ಸೆಂಟಿಮೀಟರ್ ಅಂತರದಲ್ಲಿ ನಿಂತರೆ ತಲೆಗೆ ಬೀಳುವ ಸರಾಸರಿ ಆಘಾತ ಗುರುತ್ವದ 100 ಪಟ್ಟು. ನೆಲ ಕುಗ್ಗಿ 4 ಸೆಂಟಿಮೀಟರ್ ಅಂತರ ಸಿಕ್ಕರೆ 25 ಪಟ್ಟು. ಬಿದ್ದವನು ಅದೇ, ಬೀಳಿಸಿದವನೂ ಅದೇ, ಆಘಾತ ನಾಲ್ಕರಲ್ಲಿ ಒಂದು ಪಾಲು. ಬೇಸಿಗೆಯಲ್ಲಿ ನಮ್ಮ ಕರಿ ಮಣ್ಣು ಒಣಗಿ ಬಿರಿದಾಗ, ಅಥವಾ ಮೇಲೆ ನಾಲ್ಕು ಬುಟ್ಟಿ ಮಣ್ಣು ಹರಡಿ ಕೆಳಗೆ ಶಹಾಬಾದ್ ಕಲ್ಲಿನ ಪದರ ಇದ್ದಾಗ, ನೀವು ಆಡಿಸ್ತಿರೋದು ಮೊದಲನೇ ಲೆಕ್ಕದ ಆಟ. ಅಂಥ ನೆಲದಲ್ಲಿ ತಡವಾಗಿ ಬಂದ ಟ್ಯಾಕಲ್ ಟಿವಿಯ ಟ್ಯಾಕಲ್ ಅಲ್ಲವೇ ಅಲ್ಲ. ಹಾಗಾಗಿ ಶಿಸ್ತು ಕ್ರಮ ಮೊದಲು ಆಗಬೇಕಾದ್ದು ಆಟಗಾರನ ಮೇಲೋ ಸಂಘಟಕನ ಮೇಲೋ ಅಂತ ಕೇಳಿದರೆ, ಸಂಘಟಕನ ಮೇಲೆ ಅಂತೀನಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಬಜೆಟ್‌ನಲ್ಲಿ ಓದುತ್ತಾರೆ. ತಾಲ್ಲೂಕಿಗೆ ಒಂದು, ಟ್ರ್ಯಾಕ್ಟರ್‌ನಲ್ಲಿ ಹೇರಿ ಊರಿಂದ ಊರಿಗೆ ಒಯ್ಯಬಹುದಾದ ಕಬಡ್ಡಿ ಮ್ಯಾಟ್ ಆ ಹಣದಲ್ಲಿ ಎಷ್ಟನೇ ದಶಮಾಂಶ?

ಇನ್ನು ಮೇಲಿನವರ ಕಥೆ. ಕಬಡ್ಡಿಯ ರಾಷ್ಟ್ರೀಯ ಫೆಡರೇಷನ್‌ನ ‘ಆಜೀವ ಅಧ್ಯಕ್ಷ’ ಗಿರಿಯನ್ನು 2018ರಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡಿತು. ಆಮೇಲೆ ವರ್ಷಗಟ್ಟಲೆ ಕೋರ್ಟ್ ನೇಮಿಸಿದ ಆಡಳಿತಾಧಿಕಾರಿ. ಚುನಾಯಿತ ಮಂಡಳಿಗೆ ಅಧಿಕಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಫೆಬ್ರುವರಿಯಲ್ಲಿ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂತು. ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ, ಮಹಿಳೆಯರು ಮತ್ತು ಅಪ್ರಾಪ್ತರಿಗೆ ಸುರಕ್ಷಿತ ಕ್ರೀಡಾ ನೀತಿ, ಎಲ್ಲ ಇದೆ. ಒಳ್ಳೆಯದೇ. ಆದರೆ ಊರ ಟೂರ್ನಮೆಂಟ್‌ಗೆ ಫೆಡರೇಷನ್ನಿನ ಮಾನ್ಯತೆ ಯಾರು ಕೇಳಿದ್ದಾರೆ? ಅದು ಯುವಕ ಸಂಘದ್ದು, ಜಾತ್ರಾ ಸಮಿತಿಯದ್ದು, ನಾಯಕರ ಹುಟ್ಟುಹಬ್ಬದ್ದು. ದೆಹಲಿಯ ಕಾಯ್ದೆ ವಾಡಿ ಜಂಕ್ಷನ್‌ನಲ್ಲಿ ಇಳಿಯೋದು ಯಾವ ವರ್ಷವೋ.

ಆಡಳಿತಕ್ಕೆ ಷರತ್ತು ಹಾಕೋ ತಾಕತ್ತು ಇಲ್ಲ ಅನ್ನಬೇಡಿ. 2025ರ ಅಕ್ಟೋಬರ್‌ನಲ್ಲಿ ಚಿತ್ತಾಪುರ ದೇಶದ ಸುದ್ದಿಯಾಗಿತ್ತು. ಆರೆಸ್ಸೆಸ್ ಪಥಸಂಚಲನಕ್ಕೆ ತಹಶೀಲ್ದಾರ್ ಅನುಮತಿ ನಿರಾಕರಿಸಿ, ವಿಷಯ ಹೈಕೋರ್ಟ್‌ನ ಕಲಬುರಗಿ ಪೀಠಕ್ಕೆ ಹೋಗಿ, ಶಾಂತಿ ಸಭೆಗಳಾಗಿ, ಕೊನೆಗೆ ನವೆಂಬರ್ 16ರಂದು ಷರತ್ತುಗಳ ಮೇಲೆ ನಡೆಯಿತು. ಅದರ ಸರಿ ತಪ್ಪು ಈ ಲೇಖನದ ವಿಷಯ ಅಲ್ಲ, ಅದರ ಬಗ್ಗೆ ನಿಮಗೂ ನನಗೂ ಅಭಿಪ್ರಾಯ ಇದ್ದೇ ಇದೆ. ನಾನು ಹೇಳೋದಿಷ್ಟು: ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತು ಅಂತ ಒಂದು ತಾಲ್ಲೂಕು ಕಚೇರಿ ಅಷ್ಟು ವಿವರವಾಗಿ ತಲೆ ಕೆಡಿಸಿಕೊಳ್ಳಬಲ್ಲದು ಅಂದರೆ, ಶಾಲಾ ಮೈದಾನದಲ್ಲಿ ಕಬಡ್ಡಿ ಅಂತ ಅರ್ಜಿ ಬಂದಾಗ ‘ಆಂಬುಲೆನ್ಸ್ ಎಲ್ಲಿ ನಿಲ್ಲುತ್ತೆ? ಅಂಗಣದಿಂದ ಕಂಬ ಎಷ್ಟು ದೂರ? ಹದಿನೆಂಟರ ಒಳಗಿನವರಿಗೆ ಬೇರೆ ವಿಭಾಗ ಇದೆಯಾ?’ ಅಂತ ಮೂರು ಪ್ರಶ್ನೆ ಕೇಳಬಲ್ಲದು. ಈಗ ಕೇಳೋದು ಮೈಕು ಎಷ್ಟು ಗಂಟೆವರೆಗೆ ಅಂತ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಂದ್ ಅನ್ನೋ ಆ ಒಂದು ನಿಯಮವನ್ನೂ ಯಾರೂ ಪಾಲಿಸಲ್ಲ, ಅದು ಬೇರೆ ಮಾತು. ಚಿಂಚೋಳಿಯ ಒಳಗಿನ ತಾಂಡಾಗಳಿಂದ ಕಲಬುರಗಿಯ ದೊಡ್ಡಾಸ್ಪತ್ರೆ ಎರಡು ತಾಸಿನ ದಾರಿ. 108ಕ್ಕೆ ಫೋನ್ ಮಾಡಿ ಕಾಯುವ ಹೊತ್ತು ಬೇರೆ.

ನನ್ನ ಪ್ರಸ್ತಾಪ ದೊಡ್ಡದೇನಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದು ಕಡೆ ಟೂರ್ನಮೆಂಟ್ ಮಾಡಿಸುವವರು, ರೆಫರಿ ಮಾಡುವ ಪಿಟಿ ಮಾಸ್ತರುಗಳು ಎಲ್ಲ ಸೇರಿದರೂ ಒಂದು ವಾಟ್ಸಾಪ್ ಗ್ರೂಪ್ ತುಂಬಲ್ಲ. ಯಾವ ಪಂದ್ಯದಲ್ಲಿ ಯಾರಿಗೆ ಯಾಕೆ ರೆಡ್ ಕಾರ್ಡ್ ಅಂತ ಒಂದು ವಹಿ. ವಿಡಿಯೋಗೆ ಬರವಿಲ್ಲ, ಪ್ರತಿ ಫೈನಲ್ಲೂ ಯೂಟ್ಯೂಬ್ ಲೈವ್ ಇರುತ್ತೆ. ಮೂರು ಜನ ಕೂತು ನೋಡಿ, ಇಂತಿಷ್ಟು ಟೂರ್ನಮೆಂಟ್ ಆಡುವಂತಿಲ್ಲ ಅಂತ ಕಾರಣ ಸಹಿತ ಎರಡು ಸಾಲು ಬರೆದು ಹಾಕಲಿ. ಆಡಿಸಿದ ತಂಡದ ಬಹುಮಾನ ಕಟ್. ತಾಂಡೂರು ಕಡೆಯಿಂದ ಗಡಿ ದಾಟಿ ಬರುವ ತಂಡಕ್ಕೂ ಇದೇ.

ಇಲ್ಲಿ ನನಗೊಂದು ಭಯ ಇದೆ, ಅದನ್ನು ಮುಚ್ಚಿಡಲ್ಲ. ಶಿಸ್ತು ಅನ್ನೋದು ನಮ್ಮ ಕಡೆ ಯಾವಾಗಲೂ ಕೆಳಗಿನವರ ಮೇಲೆ ಬೇಗ ಬೀಳುತ್ತೆ. ತಾಂಡಾದ ಹುಡುಗ, ಕೇರಿಯ ಹುಡುಗ ಜೋರಾಗಿ ಹಿಡಿದರೆ ‘ರೌಡಿ ಆಟ’. ಬಹುಮಾನ ಕೊಟ್ಟ ಸಾಹುಕಾರರ ಊರಿನ ಹುಡುಗ ಅದನ್ನೇ ಮಾಡಿದರೆ ‘ಏನ್ ಹಿಡಿತಲೇ!’ ವಹಿ ಬಂದರೆ ಅದರ ಮೊದಲ ಪುಟದ ತುಂಬ ಯಾರ ಹೆಸರಿರುತ್ತೆ ಅಂತ ಊಹಿಸೋದು ಕಷ್ಟ ಇಲ್ಲ. ಅದಕ್ಕೇ ಪಂದ್ಯ ನಡೆದ ತಾಲ್ಲೂಕಿನವರು ಆ ಪಂದ್ಯದ ತೀರ್ಪಿಗೆ ಕೂರಬಾರದು. ಶಹಾಬಾದ್‌ನದನ್ನು ಚಿಂಚೋಳಿಯವರು ನೋಡಲಿ, ಸೇಡಂನದನ್ನು ಚಿತ್ತಾಪುರದವರು. ತೀರ್ಪಿನ ಜೊತೆ ವಿಡಿಯೋ ತುಣುಕೂ ಇರಲಿ. ಆಗಲೂ ತಾರತಮ್ಯ ನಡೆಯುತ್ತೆ, ಆದರೆ ಎಲ್ಲರ ಕಣ್ಣೆದುರು ನಡೆಯುತ್ತೆ.

‘ಇಷ್ಟೆಲ್ಲ ಮಾಡಿದ್ರ ಟೂರ್ನಮೆಂಟೇ ನಿಂತು ಹೋಗ್ತಾವ ಸರ್’ ಅಂದರು ಒಬ್ಬರು. ಕೆಲವು ನಿಲ್ಲಬಹುದು. ಆಂಬುಲೆನ್ಸ್ ನಿಲ್ಲಿಸಲು ಆಗದ, ಆದರೆ ಡಿಜೆ ತರಿಸಲು ಆಗುವ ಟೂರ್ನಮೆಂಟ್ ನಿಂತರೆ ನನಗೆ ಬೇಜಾರಿಲ್ಲ.

ಭುಜ ಮುರಿದವನನ್ನು ಆಮೇಲೆ ಒಂದು ಸಲ ಭೇಟಿಯಾದೆ. ಶಹಾಬಾದ್ ಕಡೆಯ ಕಲ್ಲು ಪಾಲಿಶ್ ಘಟಕವೊಂದರಲ್ಲಿ ದಿನಗೂಲಿ ಕೆಲಸ, ಕಲ್ಲು ಎತ್ತಿ ಇಡೋದು. ಎರಡು ತಿಂಗಳು ಮನೆಯಲ್ಲಿದ್ದ. ಆಸ್ಪತ್ರೆ ಖರ್ಚಿಗೆ ಗೆಳೆಯರು ಪಟ್ಟಿ ಎತ್ತಿದ್ದರು. ಈಗ ಕೆಲಸಕ್ಕೆ ಹೋಗುತ್ತಾನೆ, ಬಲಗೈ ತಲೆ ಮೇಲಕ್ಕೆ ಪೂರ್ತಿ ಏಳಲ್ಲ, ಹಾಗಾಗಿ ಕೂಲಿ ಕಮ್ಮಿ. ಹಾರಿದವನ ಮೇಲೆ ಸಿಟ್ಟಿದೆಯಾ ಅಂತ ಕೇಳಿದೆ. ‘ಸಿಟ್ಟೇನಿಲ್ರಿ ಅಣ್ಣಾ, ಆಟದಾಗ ಆಗ್ತದ’ ಅಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ:

‘ಅಂವ ಈಗ ಯಾವ ಟೀಮಿಗಿ ಆಡ್ತಾನ್ರಿ?’